ಬೆಳಕು ಹಾಯ್ದ ಬಣ್ಣ

ಫೋನಿನಲ್ಲಿ ಲೆಕ್ಕವಿಲ್ಲದಷ್ಟು ಫೋಟೊ ಹೊಡೆಯುವ ಕಾಲದಲ್ಲಿ, ಮೂವತ್ತಾರೇ ಚಿತ್ರ ಹಿಡಿಸುವ ಸ್ಲೈಡ್ ಫಿಲ್ಮಿನಿಂದ ಕಲಿಯುವುದೇನು? ತಾವರಗೇರಾದ ಎರೆಹೊಲ, ಕನಕಗಿರಿಯ ಗೋಪುರ, ಹಿರೇಬೆಣಕಲ್ಲಿನ ಬಂಡೆಗಳ ನಡುವೆ ನಡೆದ ಬೆಳಕಿನ ಅಕ್ಷರಾಭ್ಯಾಸವಿದು.

ತಾವರಗೇರಾದಲ್ಲಿ ಪರಿಚಯದ ಡಾಕ್ಟರೊಬ್ಬರ ದವಾಖಾನೆಯಿದೆ. ಅವರ ಮೇಜಿನ ಹಿಂದಿನ ಗೋಡೆಗೆ ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆ. ಮುರಿದ ಮುಂಗೈ, ಸವೆದ ಮೊಣಕಾಲು, ಕಫ ಕಟ್ಟಿದ ಎದೆಗೂಡು ದಿನವೂ ಏರಿ ಇಳಿಯುವ ಆ ಪೆಟ್ಟಿಗೆಯ ಮೇಲೆ ಒಂದು ಸಂಜೆ, ಪೇಶಂಟುಗಳೆಲ್ಲ ಹೋದ ಮೇಲೆ, ನನ್ನ ಮೊದಲ ಸ್ಲೈಡ್ ರೋಲನ್ನು ಹರಡಿದೆ. ಆರಾರು ಚಿತ್ರಗಳ ಆರು ಪಟ್ಟಿ.

ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದವು. ಎರೆಹೊಲದ ನಡುವೆ ನಿಂತ ಬಿಳಿ ಧೋತರದ ಹಿರಿಯರೊಬ್ಬರನ್ನು ತೆಗೆದಿದ್ದೆ. ಹೊಲ ಬೂದಿ ಚೆಲ್ಲಿದಂತೆ ತೆಳುವಾಗಿತ್ತು. ಧೋತರವಿದ್ದ ಜಾಗದಲ್ಲಿ ಚಿತ್ರವೇ ಇರಲಿಲ್ಲ, ಗಾಜಿನಂಥ ಖಾಲಿ ಫಿಲ್ಮು ಮಾತ್ರ. ಅಂಗಳದಲ್ಲಿ ಒಟ್ಟಿದ ಹತ್ತಿ ಮಳೆಗೆ ಸಿಕ್ಕಿದಂತೆ ಮಾಸಿತ್ತು. ಎದೆ ಕುಸಿಯಿತು. ಆದರೆ ಕೊನೆಯ ಪಟ್ಟಿಯಲ್ಲಿ ಕನಕಗಿರಿಯ ಗೋಪುರವಿತ್ತು, ಸೂರ್ಯ ಹುಟ್ಟಿ ಅರ್ಧ ತಾಸಿಗೆ ತೆಗೆದದ್ದು. ಎರಡು ಬೆರಳಗಲದ ಆ ಚೂರಿನಲ್ಲಿ ಆ ಬೆಳಗಿನ ಎಳೆಬಿಸಿಲು ಹಾಗೇ ಉಳಿದಿತ್ತು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಕಾಂಪೌಂಡರ್ ಹುಡುಗ ಹೇಳಿದ: "ಇದು ತೊಗಲಗೊಂಬಿ ಇದ್ದಂಗ ಐತಲ್ರಿ ಸರ. ಹಿಂದ ದೀಪ ಹಚ್ಚಿಟ್ಟಂಗ."

ಸ್ಲೈಡ್ ಎಂದರೇನು ಎಂದು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇನೆ. ಆ ಹುಡುಗನ ಮಾತಿಗಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ.

ಕಿನ್ನಾಳದ ಬಣ್ಣ, ಮೋರನಾಳದ ಬಣ್ಣ

ಬಣ್ಣವನ್ನು ಎರಡು ಬಗೆಯಲ್ಲಿ ನೋಡಬಹುದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಎರಡಕ್ಕೂ ಒಂದೊಂದು ಊರಿದೆ. ಕಿನ್ನಾಳದ ಮರದ ಗೊಂಬೆಯ ಮೇಲೆ ಬೆಳಕು ಬೀಳುತ್ತದೆ, ಬಣ್ಣಕ್ಕೆ ತಾಗಿ ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಕಾಗದದ ಮೇಲೆ ಅಚ್ಚಾದ ಫೋಟೊ ಈ ಜಾತಿಗೆ ಸೇರಿದ್ದು. ತೊಗಲುಗೊಂಬೆಯ ದಾರಿ ಬೇರೆ. ಆಡಿನ ಚರ್ಮವನ್ನು ಹೆರೆದು, ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗಾಗಿಸಿ, ಮೇಲೆ ಬಣ್ಣ ಹಾಕುತ್ತಾರೆ. ಒಡವೆಗಳ ಜಾಗದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ಪರದೆಯ ಹಿಂದೆ ದೀಪ ಹಚ್ಚಿದಾಗ ಬೆಳಕು ಬಣ್ಣದೊಳಗಿಂದ ಹಾದು ಬರುತ್ತದೆ. ರಾಮನ ನೀಲಿ ಹೊಳೆಯುತ್ತದೆ, ರಾವಣನ ಕೆಂಪು ಉರಿಯುತ್ತದೆ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ತೊಗಲಿನ ಹಿಂದೆ ದೀಪ ಹಿಡಿದು ರಾಮಾಯಣ, ಮಹಾಭಾರತ ಕಾಣಿಸಿದ ಜೀವ ಅದು. ಬೆಳಕು ಹಾಯ್ದ ಬಣ್ಣಕ್ಕೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿಯಿದೆ ಎಂಬುದು ಈ ಸೀಮೆಗೆ ಹೊಸ ತಿಳಿವಳಿಕೆಯಲ್ಲ. ಸ್ಲೈಡ್ ಫಿಲ್ಮು ಅದೇ ತಿಳಿವಳಿಕೆಯನ್ನು 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಚೌಕಟ್ಟಿಗೆ ಇಳಿಸಿತು.

ನೆಗೆಟಿವ್ ಇಲ್ಲದ ಚಿತ್ರ

ನಮ್ಮ ಮನೆಗಳ ಮದುವೆ ಆಲ್ಬಮ್ಮಿನ ಹಿಂದೆ ಇರುತ್ತಿದ್ದುದು ನೆಗೆಟಿವ್. ಅದರಲ್ಲಿ ಬಿಳಿ ಕಪ್ಪಾಗಿ, ಕೆಂಪು ಹಸಿರಾಗಿ ಎಲ್ಲವೂ ತಲೆಕೆಳಗು. ಸ್ಟುಡಿಯೊದವರು ಪ್ರಿಂಟ್ ಹಾಕುವಾಗ ಅದನ್ನು ನೆಟ್ಟಗೆ ಮಾಡುತ್ತಿದ್ದರು. ನಮ್ಮ ತಪ್ಪುಗಳನ್ನೂ ಅಲ್ಲೇ ತಿದ್ದುತ್ತಿದ್ದರು. ಸ್ಲೈಡಿನಲ್ಲಿ ಈ ನಡುಮನೆ ಇಲ್ಲ. ಕ್ಯಾಮೆರಾದೊಳಗೆ ಕೂತು ಕನಕಗಿರಿಯ ಬಿಸಿಲು ಕುಡಿದ ಫಿಲ್ಮು ಯಾವುದೋ, ತೊಳೆದ ಮೇಲೆ ಚಿತ್ರವಾಗಿ ಕೈಗೆ ಬರುವುದೂ ಅದೇ.

ಅದು ನಡೆಯುವ ಬಗೆ ಹೀಗಿದೆ. ಫಿಲ್ಮಿನ ಮೇಲೆ ಕೆಂಪು, ಹಸಿರು, ನೀಲಿ ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣದ ಪದರಗಳಿರುತ್ತವೆ. ಮೊದಲ ರಾಸಾಯನಿಕ ಸ್ನಾನದಲ್ಲಿ ಬೆಳಕು ತಾಗಿದ ಲವಣ ಮಾತ್ರ ಕಪ್ಪು ಬೆಳ್ಳಿಯಾಗಿ ಕಪ್ಪುಬಿಳುಪಿನ ನೆಗೆಟಿವ್ ಹುಟ್ಟುತ್ತದೆ. ಆಮೇಲೆ ಬೆಳಕು ತಾಗದೆ ಉಳಿದ ಲವಣವನ್ನು ಎಬ್ಬಿಸಿ, ಅದು ಇರುವಲ್ಲೆಲ್ಲ ಬಣ್ಣ ಮೂಡಿಸುತ್ತಾರೆ. ಕಡೆಗೆ ಬೆಳ್ಳಿಯನ್ನೆಲ್ಲ ತೊಳೆದು ಹಾಕಿದರೆ ಬರೀ ಬಣ್ಣ ಉಳಿಯುತ್ತದೆ. ಬೆಳಕು ಹೆಚ್ಚು ಬಿದ್ದ ಕಡೆ ಬಣ್ಣ ಕಡಿಮೆ. ತೀರಾ ಹೆಚ್ಚು ಬಿದ್ದ ಕಡೆ ಏನೂ ಇಲ್ಲ. ನನ್ನ ಧೋತರದ ಚಿತ್ರಕ್ಕೆ ಆದದ್ದು ಇದೇ.

ಈ ಬಗೆಯ ಫಿಲ್ಮನ್ನು ಜಗತ್ತಿಗೆ ಪರಿಚಯಿಸಿದ ಕೊಡಾಕ್ರೋಮ್ ಬಂದದ್ದು 1935ರಲ್ಲಿ. ಅದನ್ನು ರೂಪಿಸಿದವರು ಪಿಯಾನೊ ನುಡಿಸುವ ಲಿಯೊಪೋಲ್ಡ್ ಮ್ಯಾನೆಸ್ ಮತ್ತು ಪಿಟೀಲು ನುಡಿಸುವ ಲಿಯೊಪೋಲ್ಡ್ ಗೊಡೌಸ್ಕಿ, ಇಬ್ಬರೂ ಸಂಗೀತಗಾರರು. ಮರುವರ್ಷ ಜರ್ಮನಿಯ ಆಗ್ಫಾ ಕಂಪನಿಯ ಬಣ್ಣದ ಸ್ಲೈಡ್ ಬಂತು. ಕೊಡಾಕ್ರೋಮಿಗೆ ಬಣ್ಣವನ್ನು ತೊಳೆಯುವ ಹೊತ್ತಿನಲ್ಲಿ ಹೊರಗಿನಿಂದ ಸೇರಿಸಬೇಕಿತ್ತು. ಆ ಕೆಲಸ ದೊಡ್ಡ ಲ್ಯಾಬುಗಳಿಗೆ ಮಾತ್ರ ಸಾಧ್ಯ. 1940ರ ದಶಕದಲ್ಲಿ ಬಂದ ಎಕ್ಟಾಕ್ರೋಮ್ ಬಣ್ಣದ ಬೀಜವನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಹಾಗಾಗಿ ಅದನ್ನು ಸಣ್ಣ ಲ್ಯಾಬಿನಲ್ಲೂ, ಮನೆಯಲ್ಲೂ ತೊಳೆಯಬಹುದಾಯಿತು. 1990ರಲ್ಲಿ ಫ್ಯೂಜಿ ಕಂಪನಿಯ ವೆಲ್ವಿಯಾ ಬಂದು ಹಸಿರು, ಕೆಂಪುಗಳಿಗೆ ಹೊಸ ಗಾಢತೆ ಕೊಟ್ಟಿತು.

ನಮ್ಮಲ್ಲೂ ಸ್ಲೈಡಿನ ದೊಡ್ಡ ಕಾಲವೊಂದಿತ್ತು. ಪತ್ರಿಕೆಗಳ ಬಣ್ಣದ ಮುಖಪುಟಕ್ಕೆ ಟ್ರಾನ್ಸ್‌ಪರೆನ್ಸಿಯನ್ನೇ, ಅಂದರೆ ಸ್ಲೈಡನ್ನೇ, ಕೇಳುತ್ತಿದ್ದರು. ಫೋಟೊಗ್ರಫಿ ಸಲೂನುಗಳಲ್ಲಿ ಸ್ಲೈಡಿಗೆ ಬೇರೆ ವಿಭಾಗವಿರುತ್ತಿತ್ತು. ಹವ್ಯಾಸಿಗಳು ಒಂದೆಡೆ ಸೇರಿ ಕತ್ತಲ ಕೋಣೆಯಲ್ಲಿ ಒಬ್ಬರ ಸ್ಲೈಡನ್ನು ಇನ್ನೊಬ್ಬರು ನೋಡಿ ತಿದ್ದುತ್ತಿದ್ದರು. ಸಿನಿಮಾ ಟಾಕೀಸಿನಲ್ಲಿ ಆಟಕ್ಕೆ ಮುಂಚೆ ಬರುತ್ತಿದ್ದ ಬಟ್ಟೆ ಅಂಗಡಿ, ಬಂಗಾರದ ಅಂಗಡಿಯ ಗಾಜಿನ ಸ್ಲೈಡುಗಳನ್ನು ನನ್ನ ವಾರಿಗೆಯವರು ಮರೆತಿರಲಾರರು.

ಡಿಜಿಟಲ್ ಬಂದ ಮೇಲೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಕೊಡಾಕ್ ಕಂಪನಿ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು, 2009ರಲ್ಲಿ ಕೊಡಾಕ್ರೋಮ್ ನಿಂತಿತು. ತಯಾರಾದ ಕೊನೆಯ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕರಿ ಪಡೆದು, ಅದರ ಕೆಲವು ಫ್ರೇಮುಗಳನ್ನು ಭಾರತದಲ್ಲೇ ತೆಗೆದರು. ಎಕ್ಟಾಕ್ರೋಮ್ ಕೂಡ 2012ರಲ್ಲಿ ಹೋಯಿತು. ಆದರೆ 2018ರಲ್ಲಿ ತಿರುಗಿ ಬಂತು. ಇಂದು ಹೊಸದಾಗಿ ಶುರು ಮಾಡುವವರ ಮುಂದೆ ಎಕ್ಟಾಕ್ರೋಮ್ ಇ100, ಪ್ರೊವಿಯಾ 100ಎಫ್, ವೆಲ್ವಿಯಾ ಇವೆ. ರೋಲಿನ ಬೆಲೆ ಸಾವಿರದ ಲೆಕ್ಕದಲ್ಲಿದೆ. ತೊಳೆಯುವ ಖರ್ಚೂ ಸೇರಿದರೆ ಒಂದೊಂದು ಕ್ಲಿಕ್ಕಿಗೂ ಒಂದು ಹೊತ್ತಿನ ಊಟದ ಬೆಲೆ ಬೀಳುತ್ತದೆ. ಹಾಗಿದ್ದರೂ ಕಲಿಯಬೇಕು ಅನ್ನುತ್ತೇನೆ. ಏಕೆಂದರೆ ಬೆಳಕನ್ನು ಓದದೆ ಸ್ಲೈಡಿನಲ್ಲಿ ಒಂದು ಚಿತ್ರವನ್ನೂ ತೆಗೆಯಲಾಗದು. ಒಮ್ಮೆ ಓದಲು ಬಂದರೆ ಆ ಕಣ್ಣು ಯಾವ ಕ್ಯಾಮೆರಾ ಹಿಡಿದರೂ ನಮ್ಮ ಜೊತೆಗೇ ಇರುತ್ತದೆ.

ಎರೆ ಮಣ್ಣು, ಹತ್ತಿ ರಾಶಿ

ಕ್ಯಾಮೆರಾದ ಲೈಟ್ ಮೀಟರಿಗೆ ಮಣ್ಣು ಗೊತ್ತಿಲ್ಲ, ಹತ್ತಿ ಗೊತ್ತಿಲ್ಲ. ತನ್ನೆದುರಿನ ಯಾವುದೇ ವಸ್ತುವನ್ನೂ ಅದು ನಡುಬಣ್ಣದ ಬೂದು ಎಂದೇ ನಂಬುತ್ತದೆ. ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಹಿಂದಿರುಗಿಸುವ ಬೂದು. ಎರೆಹೊಲ ತೋರಿಸಿದರೆ 'ಇಲ್ಲಿ ಬೆಳಕು ಸಾಲದು' ಎಂದುಕೊಂಡು ಹೆಚ್ಚು ಬೆಳಕು ಕೇಳುತ್ತದೆ, ಕರಿಮಣ್ಣು ಬೂದಿಯಾಗುತ್ತದೆ. ಹತ್ತಿ ರಾಶಿ ತೋರಿಸಿದರೆ 'ಬೆಳಕು ವಿಪರೀತ' ಎಂದು ಹೆದರಿ ಕಡಿಮೆ ಮಾಡುತ್ತದೆ, ಬಿಳುಪು ಮಾಸುತ್ತದೆ. ನನ್ನ ಮೊದಲ ರೋಲು ಕೆಟ್ಟದ್ದು ಮೀಟರ್ ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಿದ್ದರಿಂದ.

ಬೆಳಕನ್ನು ದುಪ್ಪಟ್ಟು ಮಾಡುವ, ಇಲ್ಲವೇ ಅರ್ಧಕ್ಕಿಳಿಸುವ ಒಂದು ಹೆಜ್ಜೆಗೆ ಸ್ಟಾಪ್ ಎನ್ನುತ್ತಾರೆ. ಎರೆಮಣ್ಣೇ ಫ್ರೇಮು ತುಂಬಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ ಬೆಳಕು ಕೊಡಬೇಕು. ಹತ್ತಿಯೋ ಸುಣ್ಣದ ಗೋಡೆಯೋ ತುಂಬಿದ್ದರೆ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಕೊಡಬೇಕು. ಅಂದಾಜು ಸಿಗದಾಗ ಒಂದು ಸುಲಭ ಉಪಾಯವಿದೆ. ಚಿತ್ರದ ವಸ್ತುವಿಗೆ ಬೀಳುತ್ತಿರುವ ಬೆಳಕೇ ಬೀಳುವಂತೆ ನಿಮ್ಮ ಅಂಗೈಯನ್ನು ಚಾಚಿ ಮೀಟರಿಗೆ ಅದನ್ನು ತೋರಿಸಿ. ಮೈಬಣ್ಣ ಯಾವುದಿದ್ದರೂ ಅಂಗೈ ಆ ನಡುಬೂದುವಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಮೀಟರ್ ಹೇಳಿದ್ದಕ್ಕೆ ಒಂದು ಸ್ಟಾಪ್ ಹೆಚ್ಚು ಬೆಳಕು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಮೀಟರ್ ಕೈಕೊಟ್ಟರೆ ಹಳಬರ ಸೂತ್ರವಿದೆ: ನಿಚ್ಚಳ ಬಿಸಿಲಿನಲ್ಲಿ 100 ಐಎಸ್‌ಒ ಫಿಲ್ಮಿಗೆ ಅಪರ್ಚರ್ ಎಫ್16, ಶಟರ್ ಸೆಕೆಂಡಿನ 125ನೇ ಒಂದು ಭಾಗ.

ನೆಗೆಟಿವ್ ಫಿಲ್ಮು ಎರಡು ಮೂರು ಸ್ಟಾಪಿನ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಸ್ಲೈಡಿನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಕಣ್ಣಿಗೆ ಕಾಣುತ್ತದೆ. ಬೆಳಕು ಸ್ವಲ್ಪ ಕಡಿಮೆಯಾದರೆ ಚಿತ್ರ ಗಾಢವಾದರೂ ಉಳಿಯುತ್ತದೆ, ಹೆಚ್ಚಾದರೆ ಅಳಿಸಿಹೋಗುತ್ತದೆ. ಆದ್ದರಿಂದ ಫ್ರೇಮಿನಲ್ಲಿ ನಮಗೆ ಬೇಕಾದ ಅತಿ ಬೆಳ್ಳನೆಯ ಜಾಗ ಯಾವುದು ಎಂದು ಮೊದಲು ಹುಡುಕಬೇಕು. ಧೋತರವೋ ರುಮಾಲೋ ಆಕಳಿನ ಬೆನ್ನೋ, ಅದನ್ನು ಕಾಪಾಡಿಕೊಂಡು ಮಿಕ್ಕದ್ದನ್ನು ನೆರಳಿಗೆ ಬಿಟ್ಟುಕೊಡಬೇಕು.

ಕಣ್ಣಿದ್ದವರಿಗೆ ಮೂರು ಪಾಠಶಾಲೆ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಸ್ಲೈಡ್ ಕಲಿಯುವವರಿಗೆ ಆ ಮಾತು ಅಕ್ಷರಶಃ ಅನ್ವಯ. ಕನಕಾಚಲಪತಿ ಗುಡಿಯ ಗಚ್ಚಿನ ಗೊಂಬೆಗಳು ನಡುಹಗಲಲ್ಲಿ ಚಪ್ಪಟೆಯಾಗಿ ಕಾಣುತ್ತವೆ. ಬಿಸಿಲು ಅಡ್ಡಬಿದ್ದಾಗ ಒಂದೊಂದೂ ನೆರಳು ಪಡೆದು ಎದ್ದು ನಿಲ್ಲುತ್ತದೆ. ಸ್ಲೈಡಿಗೆ ಕತ್ತಲಿನಿಂದ ಬೆಳಕಿನವರೆಗೆ ಸುಮಾರು ಐದು ಸ್ಟಾಪಿನ ಹರವು ಮಾತ್ರ ಹಿಡಿಯುತ್ತದೆ. ನಮ್ಮ ಬೇಸಿಗೆಯ ಮಟಮಟ ಮಧ್ಯಾಹ್ನ ಬಿಸಿಲಿಗೂ ನೆರಳಿಗೂ ಇರುವ ಅಂತರ ಅದನ್ನು ಮೀರುತ್ತದೆ. ಬೆಳಗಿನ ಎಂಟರೊಳಗೆ, ಸಂಜೆ ಹೊತ್ತು ಇಳಿಯುವಾಗ ಆ ಅಂತರ ತಗ್ಗುತ್ತದೆ. ಅದೇ ಊರಿನ ವೆಂಕಟಪತಿ ಬಾವಿಯ ನೆರಳಿನ ಕಟ್ಟೆಗಳಲ್ಲಿ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡಬೇಕಾದೀತು. ಅಂಥಲ್ಲಿ ಫಿಲ್ಮಿನ ಸ್ವಭಾವ ತಿಳಿದಿರಬೇಕು. ಪ್ರೊವಿಯಾ 100ಎಫ್ ಎರಡು ನಿಮಿಷದವರೆಗೂ ನಿಯತ್ತಾಗಿ ಬೆಳಕು ಹಿಡಿಯುತ್ತದೆ. ವೆಲ್ವಿಯಾ 50 ಕೆಲವೇ ಸೆಕೆಂಡಿಗೆ ದಣಿದು, ಬಣ್ಣ ತಪ್ಪತೊಡಗುತ್ತದೆ.

ಎರಡನೇ ಪಾಠಶಾಲೆ ಗಂಗಾವತಿ ಹತ್ತಿರದ ಹಿರೇಬೆಣಕಲ್. ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಬ್ಬಿಣಯುಗದ ಸಮಾಧಿಗಳು ಸುಮಾರು 400 ಇವೆ. ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. 2021ರಲ್ಲಿ ಈ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಕೆಲವು ಮನೆಗಳ ಚಪ್ಪಡಿಗೆ ದುಂಡನೆಯ ಕಿಂಡಿಯಿದೆ. ಆ ಕಿಂಡಿಯಲ್ಲಿ ಒಳಗಿನ ಕತ್ತಲೂ ಹೊರಗಿನ ಬಿಸಿಲೂ ಒಟ್ಟಿಗೆ ಬೇಕೆಂದರೆ ಸ್ಲೈಡ್ ಕೊಡುವುದಿಲ್ಲ. ಕಿಂಡಿಯ ಅಂಚಿಗೆ ಬಿದ್ದ ಬೆಳಕು ಬೇಕೋ, ಒಳಗಿನ ಕಲ್ಲಿನ ಮೈ ಬೇಕೋ, ಒಂದನ್ನು ಆರಿಸಿಕೊಳ್ಳಬೇಕು. ಫೋನು ಈ ಆಯ್ಕೆಯನ್ನು ನಮಗೆ ತಿಳಿಯದಂತೆಯೇ ಮುಗಿಸಿಬಿಡುತ್ತದೆ. ಇಲ್ಲಿ ಅದು ನಮ್ಮ ಪಾಲಿನ ಕೆಲಸ, ಚಿತ್ರದ ಅರ್ಥ ಹುಟ್ಟುವುದೂ ಆ ಆಯ್ಕೆಯಲ್ಲೇ.

ಮೂರನೆಯದು ಇಟಗಿಯ ಮಹಾದೇವ ದೇವಾಲಯ. 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಶಾಸನ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬಳಪದ ಕಲ್ಲಿನ ನುಣುಪು ಕಂಬಗಳಿಗೆ ಮೋಡದ ದಿನ ಒಳ್ಳೆಯದು. ಆದರೆ ಮೋಡದಲ್ಲೂ ನೆರಳಿನಲ್ಲೂ ಬೆಳಕು ನೀಲಿ. ನಮ್ಮ ಕಣ್ಣು ಅದನ್ನು ಸರಿಪಡಿಸಿಕೊಂಡು ನೋಡುತ್ತದೆ, ಹಗಲ ಬೆಳಕಿಗೆ ಹೊಂದಿಸಿ ಮಾಡಿದ ಫಿಲ್ಮು ಇದ್ದದ್ದನ್ನು ಇದ್ದಂತೆ ಬರೆದುಕೊಳ್ಳುತ್ತದೆ. ಲೆನ್ಸಿನ ಮುಂದೆ 81ಎ ಎಂಬ ತಿಳಿ ಕಂದು ಫಿಲ್ಟರ್ ಹಾಕಿದರೆ ಕಲ್ಲಿಗೆ ತನ್ನ ಬಣ್ಣ ಮರಳುತ್ತದೆ. ಗರ್ಭಗುಡಿಯ ಎಣ್ಣೆದೀಪ ಕಿತ್ತಳೆಯಾಗಿ ಬರುತ್ತದೆ, ಟ್ಯೂಬ್‌ಲೈಟು ಹಸಿರಾಗುತ್ತದೆ. ಬೆಳಕಿಗೂ ಬಣ್ಣವಿದೆ ಎಂಬ ಪಾಠ ಪುಸ್ತಕದಲ್ಲಿದ್ದಾಗ ತಲೆಗೆ ಹತ್ತಿರಲಿಲ್ಲ, ಇಟಗಿಯ ಕಂಬಗಳ ಮುಂದೆ ಹತ್ತಿತು.

ಮೊದಲ ರೋಲಿಗೆ ಹೊರಟವರಿಗೆ

ಕ್ಯಾಮೆರಾ ದುಬಾರಿಯದು ಬೇಕಿಲ್ಲ. ಪೆಂಟ್ಯಾಕ್ಸ್ ಕೆ1000, ನಿಕಾನ್ ಎಫ್‌ಎಂ10, ಯಾಶಿಕಾದಂಥ ಹಳೆಯ ಎಸ್‌ಎಲ್‌ಆರ್‌ಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಮಲಗಿವೆ. ಬ್ಯಾಟರಿ ಹೊಸದಿರಲಿ. ಶಟರಿನ ವೇಗ ಸರಿಯಿದೆಯೇ, ಮೀಟರ್ ನಂಬಬಹುದೇ ಎಂದು ಮೊದಲು ಅಗ್ಗದ ನೆಗೆಟಿವ್ ರೋಲಿನಲ್ಲೋ ಡಿಜಿಟಲ್ ಕ್ಯಾಮೆರಾದ ಪಕ್ಕದಲ್ಲಿಟ್ಟೋ ನೋಡಿಕೊಳ್ಳಿ. ಅವಧಿ ಮುಗಿದ ಫಿಲ್ಮು ಅಗ್ಗಕ್ಕೆ ಸಿಗುತ್ತದೆಂದು ಮೊದಲ ರೋಲಿಗೆ ಅದನ್ನು ಕೊಳ್ಳಬೇಡಿ. ಬಣ್ಣ ಕೆಟ್ಟರೆ ತಪ್ಪು ನಿಮ್ಮದೋ ಫಿಲ್ಮಿನದೋ ತಿಳಿಯದೆ ಪಾಠವೇ ಕಳೆದುಹೋಗುತ್ತದೆ.

ಫಿಲ್ಮು ಹಾಕಿದ ಮೇಲೆ ಮುಂದಕ್ಕೆ ಎಳೆಯುವಾಗ ಎಡಗಡೆಯ ಸುತ್ತುಹಿಡಿಕೆ ತಿರುಗುತ್ತದೆಯೇ ನೋಡಿ. ತಿರುಗಿದರೆ ಫಿಲ್ಮು ಓಡುತ್ತಿದೆ ಎಂದರ್ಥ. ಸೆಕೆ ನಮ್ಮ ಸೀಮೆಯಲ್ಲಿ ಫಿಲ್ಮಿಗೆ ದೊಡ್ಡ ಶತ್ರು. ರೋಲನ್ನು ಫ್ರಿಜ್ಜಿನಲ್ಲಿಡಿ, ಹೊರತೆಗೆದು ಒಂದು ತಾಸು ಬಿಟ್ಟ ಮೇಲೆಯೇ ಡಬ್ಬಿ ತೆರೆಯಿರಿ, ಇಲ್ಲವಾದರೆ ತೇವ ಕೂರುತ್ತದೆ. ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಕ್ಯಾಮೆರಾ ಬಿಡಬೇಡಿ.

ಮುಖ್ಯವಾದದ್ದು ಒಂದು ಸಣ್ಣ ನೋಟ್‌ಬುಕ್ಕು. ಫ್ರೇಮಿನ ಸಂಖ್ಯೆ, ಹೊತ್ತು, ಅಪರ್ಚರ್, ಶಟರ್, ಬೆಳಕು ಎತ್ತಕಡೆಯಿಂದ, ಮೀಟರಿಗೆ ತೋರಿಸಿದ್ದೇನು ಎಂದು ಬರೆಯಿರಿ. ಮುಖ್ಯವೆನಿಸಿದ ಚಿತ್ರವನ್ನು ಮೂರು ಸಲ ತೆಗೆಯಿರಿ: ಲೆಕ್ಕದ ಪ್ರಕಾರ ಒಂದು, ಅರ್ಧ ಸ್ಟಾಪ್ ಕಡಿಮೆ ಒಂದು, ಅರ್ಧ ಸ್ಟಾಪ್ ಹೆಚ್ಚು ಒಂದು. ಆ ಮೂರನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿಟ್ಟು ನೋಟ್‌ಬುಕ್ಕಿನ ಜೊತೆ ಓದಿದ ದಿನವೇ ನಿಜವಾದ ಕಲಿಕೆ ಶುರು.

ತೊಳೆಯುವುದು, ಕಾಯುವುದು

ಇಂದಿನ ಸ್ಲೈಡುಗಳನ್ನು ತೊಳೆಯುವ ಕ್ರಮಕ್ಕೆ ಇ-6 ಎಂದು ಹೆಸರು. ಅದನ್ನು ಮಾಡುವ ಲ್ಯಾಬುಗಳು ದೇಶದಲ್ಲಿ ಬೆರಳೆಣಿಕೆಯಷ್ಟು, ಹಾಗಾಗಿ ರೋಲನ್ನು ಕೊರಿಯರಿನಲ್ಲಿ ಕಳಿಸಿ ಕಾಯಬೇಕು. ಮನೆಯಲ್ಲೇ ತೊಳೆಯುವವರೂ ಇದ್ದಾರೆ. ಮೊದಲ ಡೆವಲಪರ್ 38 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆರು ನಿಮಿಷ. ಅರ್ಧ ಡಿಗ್ರಿ ಏರುಪೇರಾದರೂ ಚಿತ್ರದ ತಿಳಿಗಾಢ ಬದಲಾಗುತ್ತದೆ. ಏಪ್ರಿಲ್ ತಿಂಗಳ ತಾವರಗೇರಾದಲ್ಲಿ ಮಾಳಿಗೆ ಟಾಕಿಯ ನೀರು ಹೆಚ್ಚುಕಡಿಮೆ ತಾನಾಗಿಯೇ ಆ ಬಿಸಿಗೆ ಬಂದಿರುತ್ತದೆ, ಆದರೂ ಥರ್ಮಾಮೀಟರ್ ಕೈಯಿಂದ ಇಳಿಯಕೂಡದು.

ಕಾಯುವ ದಿನಗಳು ವ್ಯರ್ಥವಲ್ಲ. ತೆಗೆದ ಮೂವತ್ತಾರೂ ಚಿತ್ರಗಳನ್ನು ಮನಸ್ಸು ತಿರುತಿರುಗಿ ನೋಡುತ್ತಿರುತ್ತದೆ. ಆ ಗಳಿಗೆಯಲ್ಲಿ ಬಿಸಿಲು ಹೇಗಿತ್ತು, ಮೋಡ ಅಡ್ಡ ಬಂದಿತ್ತೇ ಎಂದು ನೆನಪಿಸಿಕೊಳ್ಳುತ್ತ ನಾವು ಆ ಜಾಗಕ್ಕೆ ಎರಡನೇ ಸಲ ಹೋಗಿ ಬಂದಿರುತ್ತೇವೆ.

ಬಂದ ಸ್ಲೈಡನ್ನು ಕತ್ತರಿಸಿ 5 ಸೆಂ.ಮೀ. ಚೌಕದ ಮೌಂಟಿನಲ್ಲಿ ಕೂರಿಸಿ, ಅಂಚಿನ ಮೇಲೆ ಊರು, ದಿನಾಂಕ ಬರೆದಿಡಬೇಕು. ನಮ್ಮ ಒಣಹವೆ ಸ್ಲೈಡಿಗೆ ಒಳ್ಳೆಯದು, ಕರಾವಳಿಯಲ್ಲಿ ಕಾಡುವ ಬೂಷ್ಟಿನ ಕಾಟ ಇಲ್ಲಿ ಕಡಿಮೆ. ಧೂಳು ಮಾತ್ರ ಬಿಡದು, ಮುಚ್ಚಳ ಬಿಗಿಯಾದ ಡಬ್ಬಿ ಬೇಕು. ಕತ್ತಲಲ್ಲಿಟ್ಟ ಸ್ಲೈಡ್ ದಶಕಗಟ್ಟಲೆ ಬಾಳುತ್ತದೆ. ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬಣ್ಣ ಸ್ವಲ್ಪಸ್ವಲ್ಪವೇ ಮಾಸುತ್ತದೆ, ಒಂದು ಸ್ಲೈಡನ್ನು ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬಾರದು.

ಬೆಳಕಿನ ಸಾಕ್ಷಿ ಎಷ್ಟು ದೂರ ಬರಬಲ್ಲದು ಎಂಬುದಕ್ಕೆ ನಮ್ಮ ನೆರೆಯಲ್ಲೇ ನಿದರ್ಶನವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಅಕ್ಕಪಕ್ಕ ಇಟ್ಟರೆ ಬಿದ್ದ ಕಂಬ ಯಾವುದು, ಉಳಿದ ಗೋಪುರ ಯಾವುದು ಎಲ್ಲ ಕಾಣುತ್ತದೆ. ಕಾಗದದ ಚೂರಿನ ಮೇಲೆ ಬಿದ್ದ ಒಂದು ಬೆಳಗಿನ ಬಿಸಿಲು 127 ವರ್ಷಗಳ ಆಚೆಯವರಿಗೆ ದಾರಿ ತೋರಿಸಿತು.

ಮಣ್ಣು ಹೇಳಿದ್ದು

ಮೊದಲ ರೋಲು ಕೆಟ್ಟ ಮರುವರ್ಷ ಅದೇ ಎರೆಹೊಲಕ್ಕೆ ಹೋದೆ. ಹಿಂಗಾರಿಗೆ ಹದ ಮಾಡಿ ಬಿಟ್ಟ ಹೊಲ, ಬೆಳಗಿನ ಏಳರ ಹೊತ್ತು. ಅಂಗೈ ಚಾಚಿ ಬೆಳಕು ಅಳೆದೆ, ಲೆಕ್ಕ ಬರೆದುಕೊಂಡೆ. ಅರ್ಧ ಸ್ಟಾಪಿನ ಅಂತರದಲ್ಲಿ ಮೂರು ಫ್ರೇಮು ತೆಗೆದೆ. ಮನುಷ್ಯರಿಲ್ಲ, ಮರವಿಲ್ಲ, ಮಣ್ಣು ಮತ್ತು ಸಾಲುಗಳು ಮಾತ್ರ.

ಹುಬ್ಬಳ್ಳಿಯಲ್ಲಿ ಹಳೆಯ ಸಾಮಾನಿನವರ ಹತ್ತಿರ ಸಿಕ್ಕ ಪ್ರೊಜೆಕ್ಟರನ್ನು ಒಂದು ರಾತ್ರಿ ಮನೆಯ ಅಂಗಳದಲ್ಲಿಟ್ಟೆ. ಸುಣ್ಣ ಬಳಿದ ಗೋಡೆಯೇ ಪರದೆ. ಓಣಿಯ ಹುಡುಗರು, ಹೆಂಗಸರು, ಹಿರಿಯರು ಚಾಪೆ ಹಾಕಿ ಕೂತರು. ಕನಕಗಿರಿ ಬಂತು, ಹಿರೇಬೆಣಕಲ್ ಬಂತು, ಇಟಗಿಯ ಕಂಬಗಳು ಬಂದವು. ಎಲ್ಲರೂ ಹೆಸರು ಹೇಳಿ ಗುರುತಿಸಿದರು. ಆಮೇಲೆ ಎರೆಹೊಲ ಬಂತು. ಹೆಸರು ಹಿಡಿಯಲು ಅದರಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಅಂಗಳ ಸುಮ್ಮನಾಯಿತು. ಹಿಂದೆ ಕೂತಿದ್ದ ನಮ್ಮ ಓಣಿಯ ಕಾಕಾ ಮುಂದೆ ಬಂದು ಗೋಡೆಯ ಹತ್ತಿರ ನಿಂತರು. ಮೊದಲ ರೋಲಿನಲ್ಲಿ ಧೋತರವಷ್ಟೇ ಖಾಲಿಯಾಗಿ ಉಳಿದಿತ್ತಲ್ಲ, ಆ ಹಿರಿಯರು ಇವರೇ.

"ತಮ್ಮಾ, ಇದು ಹಳ್ಳದ ದಂಡಿ ಹೊಲ ಅಲ್ಲೇನು?"

"ಹೌದು ಕಾಕಾ. ಹೆಂಗ ಗುರ್ತು ಹಿಡದ್ರಿ?"

"ಮಣ್ಣಿನ ಬಣ್ಣ ನೋಡು. ಆಚೆ ಹೊಲದಾಗ ಮಸಾರಿ ಕೂಡಿ ಕೆಂಪ ಹೊಡಿತೈತಿ. ಇಷ್ಟು ಕರೇದು ನಮ್ಮದರಾಗ ಅಷ್ಟ."

ಅವರು ಕೈ ಚಾಚಿ ಗೋಡೆಯ ಮೇಲಿನ ಸಾಲನ್ನು ಮುಟ್ಟಿದರು. ಮಣ್ಣು ಅವರ ಅಂಗೈ ಮೇಲೆ ಬಂತು.